ಟಯರಿಗೆ ನೈಟ್ರೋಜನ್: ಹಣ ಕೊಡುವ ಮುನ್ನ ಲೆಕ್ಕ ಹಾಕಿ

ಉಲ್ಹಾಸನಗರ: ಚೌತಿ, ದೀಪಾವಳಿ, ಮೇ ತಿಂಗಳ ರಜೆ ಬಂತೆಂದರೆ ಉಲ್ಹಾಸನಗರ, ಕಲ್ಯಾಣ್, ಡೊಂಬಿವಲಿಯ ತುಳು-ಕನ್ನಡಿಗರ ಕಾರುಗಳು ಊರಿನ ದಾರಿ ಹಿಡಿಯುತ್ತವೆ. ಹೊರಡುವ ಮುನ್ನಾದಿನ ಪೆಟ್ರೋಲ್ ಪಂಪಿನಲ್ಲೋ ಟಯರ್ ಅಂಗಡಿಯಲ್ಲೋ ಕೇಳಿಬರುವ ಪ್ರಶ್ನೆ ಒಂದೇ: "ಸೇಠ್, ಸಾದಾ ಹವಾ ಕಿ ನೈಟ್ರೋಜನ್?" ದೂರದ ಪ್ರಯಾಣ, ಜತೆಗೆ ಹೆಂಡತಿ ಮಕ್ಕಳು. ಹೆದರಿಕೆಯಿಂದಲೇ ನೈಟ್ರೋಜನಿಗೆ ತಲೆಯಾಡಿಸುವವರಿದ್ದಾರೆ.

ವಾಸ್ತವದಲ್ಲಿ ಸಾದಾ ಗಾಳಿಯಲ್ಲೇ ಶೇ. 78 ಭಾಗ ನೈಟ್ರೋಜನ್ ಇದೆ. ಶೇ. 21ರಷ್ಟಿರುವ ಆಮ್ಲಜನಕ ರಬ್ಬರಿನ ಮೂಲಕ ತುಸು ಬೇಗ ಸೋರುತ್ತದೆ ಎಂಬುದು ನಿಜ. ಆದರೆ ಎಷ್ಟು? ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ 2006-07ರಲ್ಲಿ 31 ಮಾದರಿಯ ಟಯರುಗಳಿಗೆ 30 ಪಿಎಸ್‌ಐ ಒತ್ತಡ ತುಂಬಿ ಒಂದು ವರ್ಷ ಪರೀಕ್ಷಿಸಿತು. ಗಾಳಿ ತುಂಬಿದವು ಸರಾಸರಿ 3.5, ನೈಟ್ರೋಜನ್ ತುಂಬಿದವು 2.2 ಪಿಎಸ್‌ಐ ಕಳೆದುಕೊಂಡವು. ವರ್ಷಕ್ಕೆ ಉಳಿತಾಯ ಕೇವಲ 1.3. ಚಕ್ರಕ್ಕೆ 20 ರೂ. ಎಂದು ಹಿಡಿದು ತಿಂಗಳಿಗೊಮ್ಮೆ ತುಂಬಿಸಿದರೆ, ಸ್ಟೆಪ್ನಿ ಸೇರಿ ವರ್ಷಕ್ಕೆ 1,200 ರೂ. ಖರ್ಚು. ಪೆಟ್ರೋಲ್ ಪಂಪುಗಳಲ್ಲಿ ಗಾಳಿ ಉಚಿತವಾಗಿ ಸಿಗಬೇಕೆಂಬುದು ತೈಲ ಕಂಪೆನಿಗಳದೇ ನಿಯಮ.

ವಿಮಾನಕ್ಕೆ ನೈಟ್ರೋಜನ್ ಏಕೆ ಎಂದು ಕೇಳಬಹುದು. 1986ರಲ್ಲಿ ಮೆಕ್ಸಿಕೋದಲ್ಲಿ ಸಾದಾ ಗಾಳಿ ತುಂಬಿದ್ದ ಟಯರ್ ಬ್ರೇಕಿನ ಬಿಸಿಗೆ ಸಿಡಿದು ವಿಮಾನ ಉರುಳಿ 167 ಮಂದಿ ಸತ್ತರು. ಆ ಮಟ್ಟದ ಬಿಸಿ ಸಾಮಾನ್ಯ ಕಾರಿನ ಟಯರಿಗೆ ಬರುವುದಿಲ್ಲ. ಒಣ ನೈಟ್ರೋಜನಿನಲ್ಲಿ ತೇವಾಂಶ ಇರುವುದಿಲ್ಲವೆಂಬುದು ಒಂದು ಅನುಕೂಲ. ವಾರವಿಡೀ ಲೋಕಲ್ ರೈಲಿನಲ್ಲಿ ಓಡಾಡಿ ಕಾರನ್ನು ಕಟ್ಟಡದ ಕೆಳಗೆ ನಿಲ್ಲಿಸಿಡುವವರಿಗೆ ನಿಧಾನವಾಗಿ ಸೋರುವುದೂ ಸ್ವಲ್ಪ ಲಾಭವೇ. ಉಚಿತವಾಗಿ ಸಿಕ್ಕರೆ ಬೇಡವೆನ್ನಬೇಕಿಲ್ಲ.

ಅಪಾಯ ಇರುವುದು ತಪ್ಪು ನಂಬಿಕೆಯಲ್ಲಿ. "ನೈಟ್ರೋಜನ್ ಇದೆ, ನೋಡಬೇಕಿಲ್ಲ" ಎಂದು ಕೆಲವರು ತಿಂಗಳುಗಟ್ಟಲೆ ಒತ್ತಡ ಪರೀಕ್ಷಿಸುವುದಿಲ್ಲ. "ಸಾದಾ ಗಾಳಿ ಬೆರೆಸಬಾರದು" ಎಂದು ಇನ್ನು ಕೆಲವರು ಇಳಿದ ಟಯರಿನಲ್ಲೇ ಘಾಟಿ ಹತ್ತುತ್ತಾರೆ. ಒತ್ತಡ ಕಡಿಮೆಯಾದ ಟಯರ್ ಬಾಗಿ ಬಾಗಿ ಬಿಸಿಯಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಸಿಡಿದರೆ ಒಳಗೆ ಯಾವ ಅನಿಲವಿತ್ತೆಂಬುದು ಮುಖ್ಯವಲ್ಲ. ಎರಡನ್ನೂ ಬೆರೆಸಿದರೆ ಏನೂ ತೊಂದರೆಯಿಲ್ಲ.

ಆದುದರಿಂದ ಊರಿಗೆ ಹೊರಡುವವರು ಬೆಳಗ್ಗೆ ಟಯರ್ ತಣ್ಣಗಿರುವಾಗಲೇ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಒತ್ತಡ ಇದೆಯೇ ನೋಡಲಿ. ಸ್ಟೆಪ್ನಿಯನ್ನು ಮರೆಯದಿರಲಿ. ಸವೆದ ಟಯರನ್ನು ಬದಲಿಸಲಿ. ನೈಟ್ರೋಜನಿಗೆ ಸುರಿಯುವ ಹಣದಲ್ಲಿ ಒಂದು ಒಳ್ಳೆಯ ಗೇಜ್ ಕೊಂಡು ಕಾರಿನಲ್ಲಿಟ್ಟುಕೊಂಡರೆ ಅದೇ ಜಾಣತನ.