ಕಾಗದ ಮನೆಯಲ್ಲಿ, ಹಡಗು ಕಡಲಲ್ಲಿ

ಸವಳಂಗದ ಬಸ್ ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸು ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶಿಕಾರಿಪುರದ ಕಡೆಯಿಂದ ಇನ್ನೊಂದು ಬಂದೇ ಬರುತ್ತದೆ. ಕೊಡೆ ಮರೆತಿದ್ದರೆ ಅಷ್ಟರಲ್ಲಿ ಹುಡುಗರು ಮನೆಗೆ ಓಡಿ ತಂದುಕೊಡುತ್ತಾರೆ. ಹಡಗಿನ ಪ್ರಯಾಣ ಹಾಗಲ್ಲ. ಕೊಚ್ಚಿಯ ಬಂದರು ಸವಳಂಗದಿಂದ 500 ಕಿಲೋಮೀಟರಿಗೂ ದೂರ. ಮುಂಬೈ, ಚೆನ್ನೈಗಳೂ ಹತ್ತಿರವೇನಲ್ಲ. ಬಂದರಿನ ಬಾಗಿಲಲ್ಲಿ ನಿಂತು ಜೇಬು ತಡವಿಕೊಂಡಾಗ ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲೇ ಉಳಿದಿದೆ ಎಂದು ಗೊತ್ತಾದರೆ, ಓಡಿ ತರುವ ಮಾತೇ ಇಲ್ಲ. ಹಣ ಕಟ್ಟಿದ ಪ್ರವಾಸ, ವರ್ಷವಿಡೀ ಕಂಡ ಕನಸು, ಮಕ್ಕಳ ರಜೆ ಎಲ್ಲವೂ ದಡದಲ್ಲೇ ಉಳಿಯುತ್ತವೆ.

ವಿಹಾರ ನೌಕೆಯ ಪ್ರವಾಸ ಈಗ ಸಿರಿವಂತರದಷ್ಟೇ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ‘ಕಾರ್ಡೀಲಿಯಾ’ ಸಂಸ್ಥೆಯ ಯಾನಗಳು ಆರಂಭವಾದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಹೆಸರು ಮಧ್ಯಮ ವರ್ಗದ ಮನೆಗಳಲ್ಲೂ ಕೇಳಿಬಂತು. ಸಿಂಗಪುರದಲ್ಲೋ ದುಬೈಯಲ್ಲೋ ಕೆಲಸದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡು ಹಡಗು ಹತ್ತಿಸುವುದೂ ಉಂಟು. ಆದ್ದರಿಂದ ಹಡಗು ಏನೇನು ಕಾಗದ ಕೇಳುತ್ತದೆ, ಏಕೆ ಕೇಳುತ್ತದೆ ಎಂಬುದನ್ನು ಊರಲ್ಲಿರುವಾಗಲೇ ತಿಳಿಯುವುದು ಒಳ್ಳೆಯದು.

ಹಡಗಿಗೆ ಏಕೆ ಇಷ್ಟು ಕಟ್ಟುನಿಟ್ಟು?

ಮೊದಲ ಕಾರಣ ಜೀವರಕ್ಷಣೆ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರಯಾಣಿಕರ ಹಡಗು ದಡ ಬಿಡುವ ಮೊದಲು ಒಳಗಿರುವ ಪ್ರತಿಯೊಬ್ಬರನ್ನೂ ಎಣಿಸಬೇಕು. ಅಪಾಯ ಬಂದಾಗ ರಕ್ಷಣಾ ದೋಣಿಗಳಲ್ಲಿ ಎಷ್ಟು ಜನ ಇಳಿದರು, ಯಾರು ಉಳಿದರು ಎಂದು ತಿಳಿಯಲು ಆ ಪಟ್ಟಿಯೇ ಆಧಾರ. ಎರಡನೆಯದು, ಹಡಗು ಮುಟ್ಟುವ ಪ್ರತಿಯೊಂದು ಬಂದರೂ ಒಂದು ದೇಶದ ಬಾಗಿಲು. ಪ್ರಯಾಣಿಕರ ಪಟ್ಟಿ ಹಡಗಿಗಿಂತ ಮುಂಚೆಯೇ ಅಲ್ಲಿಗೆ ತಲುಪಿರಬೇಕು. ಮೂರನೆಯದು, ಬಂದರಿನಲ್ಲಿ ಹಡಗಿಗೆ ಸಿಗುವ ಜಾಗಕ್ಕೂ ಗಂಟೆಯ ಲೆಕ್ಕವಿದೆ. ಒಬ್ಬರಿಗಾಗಿ ಹಡಗು ಕಾಯುವುದಿಲ್ಲ.

ಹಡಗಿಗೂ ಕಾಗದಕ್ಕೂ ನಂಟು ಹಳೆಯದು. ಪ್ಲೇಗ್ ಮಾರಿಗೆ ಹೆದರಿ 1377ರಲ್ಲಿ ರಗುಸಾ ಎಂಬ ಬಂದರು ನಗರ (ಇಂದಿನ ಡುಬ್ರೋವ್ನಿಕ್) ರೋಗದ ಊರುಗಳಿಂದ ಬಂದವರನ್ನು ಮೂವತ್ತು ದಿನ ಊರ ಹೊರಗೆ ನಿಲ್ಲಿಸಿತು. ಮುಂದೆ ಅದು ನಲವತ್ತು ದಿನವಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕಿರುವ ಹೆಸರಿನಿಂದಲೇ ‘ಕ್ವಾರಂಟೈನ್’ ಎಂಬ ಮಾತು ಹುಟ್ಟಿತು.

ಆ ಪದ್ಧತಿಯ ಕುಡಿಯೊಂದು ಇಂದಿಗೂ ಜೀವಂತವಾಗಿದೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳ ಪ್ರಯಾಣಕ್ಕೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಆ ದೇಶಗಳಿಂದ ಭಾರತಕ್ಕೆ ಬರುವವರಿಗೂ ಅದು ಬೇಕು. ಈ ಲಸಿಕೆಯನ್ನು ರೂಪಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಹುಮಾನ ಬಂತು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ದೇಹ ರೋಗನಿರೋಧಕ ವಸ್ತುಗಳನ್ನು ತಯಾರಿಸಿಕೊಳ್ಳಲು ಅಷ್ಟು ಕಾಲ ಬೇಕಾಗುತ್ತದೆ. ಹೊರಡುವ ಹಿಂದಿನ ದಿನ ನೆನಪಾದರೆ ಯಾವ ಶಿಫಾರಸಿನಿಂದಲೂ ಆ ಹತ್ತು ದಿನ ಸಿಗುವುದಿಲ್ಲ. 2016ರ ಜುಲೈಯಿಂದ ಈ ಪತ್ರ ಜೀವಮಾನವಿಡೀ ಸಲ್ಲುತ್ತದೆ ಎಂಬುದೊಂದು ಸಮಾಧಾನ.

ದೇಶದೊಳಗೂ ಪರವಾನಗಿ

ಪಾಸ್‌ಪೋರ್ಟ್ ಬೇಕಾಗುವುದು ವಿದೇಶಕ್ಕೆ, ದೇಶದೊಳಗಿನ ಯಾನಕ್ಕೆ ಗುರುತಿನ ಚೀಟಿ ಸಾಕು ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಲಕ್ಷದ್ವೀಪದ ವಿಷಯ ಬೇರೆ. ಅಲ್ಲಿಯ ನಿವಾಸಿಗಳಲ್ಲದ ಭಾರತೀಯರಿಗೂ 1967ರ ನಿಯಮಗಳಂತೆ ಪ್ರವೇಶದ ಪರವಾನಗಿ ಬೇಕು. ದ್ವೀಪಗಳು ಪುಟ್ಟವು, ಜನಜೀವನವೂ ಪರಿಸರವೂ ಸೂಕ್ಷ್ಮವಾದವು ಎಂಬುದು ಇದರ ಹಿಂದಿನ ಕಾಳಜಿ. ಈ ದ್ವೀಪಗಳು ಕನ್ನಡನಾಡಿಗೆ ಅಪರಿಚಿತವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾಗಳನ್ನೊಳಗೊಂಡ ಅಮಿನದಿವಿ ಗುಂಪು ಒಮ್ಮೆ ಟಿಪ್ಪುವಿನ ಆಳ್ವಿಕೆಯಲ್ಲಿತ್ತು. ಆಮೇಲೆ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂದು ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದ್ವೀಪಕ್ಕೆ ಇಂದು ಮಂಗಳೂರಿನವರೂ ಪರವಾನಗಿ ಪಡೆದೇ ಹೋಗಬೇಕು. ಪ್ರವಾಸ ಏರ್ಪಡಿಸುವ ಸಂಸ್ಥೆಯೇ ಅದನ್ನು ಮಾಡಿಸಿಕೊಡುವುದೋ, ಪ್ರಯಾಣಿಕರು ತಾವೇ ಪಡೆಯಬೇಕೋ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ವಿದೇಶದ ಯಾನದಲ್ಲಿ ಇನ್ನೊಂದು ತೊಡಕಿದೆ. ಸಿಂಗಪುರದಲ್ಲಿ ಹಡಗು ಹತ್ತಿ ಮಲೇಷ್ಯದ ಪೆನಾಂಗ್ ನೋಡಿಕೊಂಡು ಮತ್ತೆ ಸಿಂಗಪುರದಲ್ಲೇ ಇಳಿಯುವವರು ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತೆ. ವೀಸಾದಲ್ಲಿ ಒಂದೇ ಪ್ರವೇಶ ಎಂದಿದ್ದರೆ ಮೊದಲ ಪ್ರವೇಶದಲ್ಲೇ ಅದು ಮುಗಿಯಿತು. ಪಾಸ್‌ಪೋರ್ಟಿನ ಅವಧಿಯ ಲೆಕ್ಕವೂ ಹೀಗೆಯೇ. ಸಿಂಗಪುರ, ಶ್ರೀಲಂಕಾಗಳಂತಹ ದೇಶಗಳಿಗೆ ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ‘ಡಿಸೆಂಬರ್‌ವರೆಗೆ ಇದೆ’ ಎಂದು ಆಗಸ್ಟಿನಲ್ಲಿ ಹೊರಟವರಿಗೆ ಅಡ್ಡಿಯಾಗಬಹುದು.

ಒಂದು ಊರು, ಮೂರು ವಿಳಾಸ

ಮರೆತ ಕಾಗದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಜೊತೆಯಲ್ಲೇ ಇದ್ದೂ ಹೊಂದಿಕೆಯಾಗದ ಕಾಗದ. ಸವಳಂಗವನ್ನೇ ನೋಡಿ. 1990ರಲ್ಲಿ ಅಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಹೊನ್ನಾಳಿ ಅದಕ್ಕೆ ಸೇರಿತು. ಮುಂದೆ ನ್ಯಾಮತಿ ಬೇರೆ ತಾಲ್ಲೂಕಾಯಿತು. ಊರು ಒಂದಿಂಚೂ ಕದಲಿಲ್ಲ, ವಿಳಾಸ ಮಾತ್ರ ಮೂರು. ಇದರ ಮೇಲೆ 2014ರ ನವೆಂಬರ್ 1ರಿಂದ ಶಿವಮೊಗ್ಗದ ಹೆಸರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ತಂದೆಯ ಅಂಕಪಟ್ಟಿ, ತಾಯಿಯ ಆಧಾರ್, ಮಗಳ ಜನನ ಪತ್ರ ಮೂರನ್ನೂ ಮೇಜಿನ ಮೇಲೆ ಇಟ್ಟರೆ ಮೂರು ಊರಿನವರಂತೆ ಕಾಣಬಹುದು. ಇದು ಯಾರ ತಪ್ಪೂ ಅಲ್ಲ. ಆದರೆ ಅರ್ಜಿ ಹಾಕುವಾಗ ಇದನ್ನು ವಿವರಿಸಲು ಸಿದ್ಧರಿರಬೇಕು.

ಹೆಸರಿನ ಕತೆ ಇದಕ್ಕಿಂತ ದೊಡ್ಡದು. ನಮ್ಮ ಕಡೆ ಎಸ್.ಎಚ್. ಮಂಜುನಾಥ ಎಂದರೆ ‘ಎಸ್’ ಊರಿನದು, ‘ಎಚ್’ ತಂದೆಯದು. ಶಾಲೆಯ ಹಾಜರಿ ಪುಸ್ತಕಕ್ಕೆ ಇಷ್ಟು ಸಾಕು. ಪಾಸ್‌ಪೋರ್ಟಿಗೆ ಸಾಲದು. ಅಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಸ್ವಂತ ಹೆಸರಿಗೆ ಒಂದು ಮನೆ, ಮನೆತನದ ಹೆಸರಿಗೆ ಇನ್ನೊಂದು ಮನೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಪದದ ಹೆಸರುಳ್ಳ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದಾಗ ಎಷ್ಟೋ ಜನ ತಬ್ಬಿಬ್ಬಾದರು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದವರಿಗೆ ಆಮೇಲೆ ಸಡಿಲಿಕೆ ಸಿಕ್ಕಿತು. ಟಿಕೆಟ್ಟಿನಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ, ಅದೇ ಅಕ್ಷರಗಳಲ್ಲಿ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ಬೇಡ.

ಯಂತ್ರ ಹಿಡಿಯುವ ತಪ್ಪು, ಹಿಡಿಯದ ತಪ್ಪು

ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಕೆಳಗೆ ಎರಡು ಸಾಲುಗಳಿವೆ. ಒಂದೊಂದರಲ್ಲೂ 44 ಅಕ್ಷರ ಚಿಹ್ನೆಗಳು. ಅವು ಯಂತ್ರ ಓದಲು ಇರುವವು. ಎರಡನೆಯ ಸಾಲಿನಲ್ಲಿ ಪಾಸ್‌ಪೋರ್ಟಿನ ಸಂಖ್ಯೆ, ಹುಟ್ಟಿದ ದಿನ, ಮುಗಿಯುವ ದಿನ ಇವುಗಳ ಪಕ್ಕದಲ್ಲಿ ಒಂದೊಂದು ಕಾವಲಿನ ಅಂಕಿ ಇರುತ್ತದೆ. ಅದರ ಲೆಕ್ಕವನ್ನು ಎಂಟನೆಯ ತರಗತಿಯವರೂ ಮಾಡಬಹುದು. 2010ರ ಆಗಸ್ಟ್ 15ರಂದು ಹುಟ್ಟಿದವರ ದಿನಾಂಕ ಅಲ್ಲಿ 100815 ಎಂದಿರುತ್ತದೆ. ಈ ಅಂಕಿಗಳನ್ನು ಅನುಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿದರೆ 7, 0, 0, 56, 3, 5 ಬರುತ್ತವೆ. ಮೊತ್ತ 71. ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ 1. ಅದೇ ಕಾವಲಿನ ಅಂಕಿ. ಯಾರಾದರೂ ಕೊನೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ 100851 ಎಂದು ಬರೆದರೆ ಮೊತ್ತ 79, ಶೇಷ 9. ಯಂತ್ರ ಕೂಡಲೇ ತಪ್ಪು ಎನ್ನುತ್ತದೆ.

ಆದರೆ ಹೆಸರು ಇರುವುದು ಮೊದಲನೆಯ ಸಾಲಿನಲ್ಲಿ. ಅದಕ್ಕೆ ಇಂತಹ ಕಾವಲಿನ ಅಂಕಿಯೇ ಇಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ಈ ಲೆಕ್ಕ ಅದನ್ನು ಹಿಡಿಯಲಾರದು. ಅದನ್ನು ಕಾಯಬೇಕಾದದ್ದು ಮನೆಯವರ ಕಣ್ಣೇ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಅಕ್ಷರ ಅಕ್ಷರವಾಗಿ ಓದಿನೋಡಬೇಕು ಎನ್ನುವುದು ಅದಕ್ಕಾಗಿಯೇ.

ಮಕ್ಕಳ ಕಾಗದ ಬೇಗ ಹಳತಾಗುತ್ತದೆ

ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ಬಾಳುತ್ತದೆ. ಮಕ್ಕಳದು ಸಾಮಾನ್ಯವಾಗಿ ಐದು ವರ್ಷ, ಇಲ್ಲವೇ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಷ್ಟೇ. ಮನೆಯವರೆಲ್ಲರೂ ಒಟ್ಟಿಗೆ ಮಾಡಿಸಿದ್ದೇವೆ ಎಂಬ ನೆಚ್ಚಿಕೆಯಲ್ಲಿ ಹಿರಿಯರದನ್ನು ನೋಡಿ ಕಿರಿಯರದನ್ನು ನೋಡದೆ ಇರುವುದು ಸುಲಭ. ನಾಲ್ವರಲ್ಲಿ ಒಬ್ಬ ಮಗುವಿನದು ಮುಗಿದಿದ್ದರೆ ನಾಲ್ವರ ಪ್ರಯಾಣವೂ ನಿಂತಂತೆ.

ಜನನ ಪತ್ರದ ವಿಷಯದಲ್ಲಂತೂ ತಂದೆತಾಯಿಯರು ಈಗಲೇ ಎಚ್ಚರಗೊಳ್ಳಬೇಕು. 2025ರಲ್ಲಿ ತಿದ್ದಿದ ನಿಯಮದಂತೆ 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಪಡೆಯಲು ಜನ್ಮದಿನದ ಆಧಾರ ಜನನ ಪ್ರಮಾಣಪತ್ರ ಒಂದೇ. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತಹ ದಾಖಲೆಗಳೂ ನಡೆಯುತ್ತವೆ. ಹಳ್ಳಿಗಳಲ್ಲಿ ಎಷ್ಟೋ ಜನನ ಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗಿರುತ್ತದೆ, ಮತ್ತೆ ಯಾರೂ ಆ ಕಡೆ ಹೋಗಿರುವುದಿಲ್ಲ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಅಲೆಯಬೇಕಾದ ಕಾಲವೂ ಈಗಿಲ್ಲ. 2017ರ ಜನವರಿಯಲ್ಲಿ ಮೈಸೂರಿನಲ್ಲಿ ಆರಂಭವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದ ವ್ಯವಸ್ಥೆ ಈಚೆಗೆ ಅನೇಕ ಊರುಗಳಿಗೆ ಹಬ್ಬಿದೆ.

ಜಾಣರೂ ಏಕೆ ಮರೆಯುತ್ತಾರೆ?

ನೆನಪಿನಲ್ಲಿ ಎರಡು ಬಗೆ. ಆಗಿಹೋದದ್ದನ್ನು ನೆನೆಯುವುದು ಒಂದು, ಮುಂದೆ ಮಾಡಬೇಕಾದದ್ದನ್ನು ಸಮಯಕ್ಕೆ ಸರಿಯಾಗಿ ನೆನೆಯುವುದು ಇನ್ನೊಂದು. ಪಾಠ ಬಾಯಿಪಾಠ ಮಾಡಿದ ಹುಡುಗ ಪುಸ್ತಕವನ್ನೇ ಮರೆತು ಬರುವುದು ಹೀಗೆ. ಎರಡನೆಯ ಬಗೆಯ ನೆನಪಿಗೆ ಹೊರಗಿನ ಸೂಚನೆಯೊಂದು ಬೇಕು. ಹೊರಡುವ ಬೆಳಿಗ್ಗೆ ಗ್ಯಾಸ್ ಆರಿಸುವುದು, ಪಕ್ಕದ ಮನೆಯವರಿಗೆ ಹಸುವಿನ ಮೇವಿನ ಬಗ್ಗೆ ಹೇಳುವುದು, ಬೀಗ, ಆಟೊ ಎಂದು ಹತ್ತು ಸೂಚನೆಗಳು ಒಟ್ಟಿಗೆ ಕೂಗುವಾಗ ಬೀರುವಿನೊಳಗಿನ ಕಾಗದ ಸುಮ್ಮನೆ ಕೂತಿರುತ್ತದೆ.

1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಪರೀಕ್ಷೆಗೆ ಮೇಲೇರಿದ ಕೂಡಲೇ ಬಿದ್ದಿತು. ನಡೆಸಿದವರು ಅನುಭವಿಗಳು. ನಿಂತಾಗ ಗಾಳಿಗೆ ಅಲುಗದಂತೆ ಹಾಕುವ ಬೀಗವೊಂದನ್ನು ಬಿಚ್ಚಲು ಮರೆತಿದ್ದರು. ಇನ್ನೂ ಜಾಣ ಚಾಲಕರನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ. ಹಾರುವ ಮುನ್ನ ಓದಿ ಗುರುತು ಹಾಕುವ ಪಟ್ಟಿಯೊಂದನ್ನು ಮಾಡಿದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೂ ಅಂಥದೇ ಪಟ್ಟಿಯನ್ನು ಹೊರತಂದಿತು. ವೈದ್ಯರೂ ವಿಮಾನ ಚಾಲಕರೂ ಪಟ್ಟಿ ಓದುವಾಗ ಪ್ರವಾಸ ಹೊರಟವರು ಓದಲು ನಾಚಬೇಕಾಗಿಲ್ಲ.

ಮನೆಯಲ್ಲಿ ಇದನ್ನು ಮಾಡುವ ಬಗೆ ಸರಳ. ಎಲ್ಲರ ಕಾಗದಗಳಿಗೂ ಒಂದೇ ಚೀಲ. ಅದರ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಪಾಸ್‌ಪೋರ್ಟ್, ವೀಸಾ ಅಥವಾ ಪರವಾನಗಿ, ಹಡಗಿನ ಟಿಕೆಟ್, ಗುರುತಿನ ಚೀಟಿ, ಲಸಿಕೆಯ ಪತ್ರ, ವಿಮೆ, ಔಷಧಿಯ ಚೀಟಿ, ಪ್ರತಿಯೊಂದರ ನೆರಳಚ್ಚು. ಮನೆಯ ವಿದ್ಯಾರ್ಥಿ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ಹಿರಿಯರು ಕಾಗದವನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ‘ಇದೆ, ಇದೆ’ ಎಂಬ ಬಾಯಿಮಾತು ಲೆಕ್ಕಕ್ಕಿಲ್ಲ. ಈ ಓದು ಮೂರು ಸಲ ನಡೆಯಲಿ: ಹಣ ಕಟ್ಟುವ ಮೊದಲು, ಹೊರಡುವ ಹಿಂದಿನ ರಾತ್ರಿ, ಹೊಸ್ತಿಲು ದಾಟುವ ಮುನ್ನ. ಮೊದಲನೆಯದೇ ಮುಖ್ಯ. ಅವಧಿ ಮುಗಿದದ್ದು, ಹೆಸರು ತಪ್ಪಿದ್ದು ಅಂದೇ ಕಂಡರೆ ಸರಿಪಡಿಸಲು ಕಾಲವಿರುತ್ತದೆ.

ಆ ಚೀಲ ದೊಡ್ಡ ಪೆಟ್ಟಿಗೆಯೊಳಗೆ ಹೋಗಬಾರದು. ವಿಹಾರ ನೌಕೆಗಳಲ್ಲಿ ಪೆಟ್ಟಿಗೆಗಳನ್ನು ಬಂದರಿನ ಬಾಗಿಲಲ್ಲೇ ತೆಗೆದುಕೊಂಡು ನೇರವಾಗಿ ಕೋಣೆಗೆ ಕಳಿಸುವುದು ರೂಢಿ. ಪಾಸ್‌ಪೋರ್ಟ್ ಅದರಲ್ಲಿದ್ದರೆ ಕಾಗದ ಹಡಗಿನೊಳಗೆ, ಯಜಮಾನರು ಹೊರಗೆ! ಮೊಬೈಲಿನಲ್ಲಿರುವ ಚಿತ್ರವೂ ಪಾಸ್‌ಪೋರ್ಟಿನ ಬದಲಿಗೆ ನಡೆಯದು. ಮಲೆನಾಡಿನ ಅಂಚಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಪುಸ್ತಕದ ಹಾಳೆ ಅಂಟಿಕೊಳ್ಳುತ್ತದೆ. ಅದನ್ನು ಒಣಗಿದ ಜಾಗದಲ್ಲಿಡಬೇಕು. ಇತ್ತೀಚಿನ ಪಾಸ್‌ಪೋರ್ಟುಗಳಲ್ಲಿ ಚಿಪ್ ಇರುವುದರಿಂದ ಮಡಿಸುವುದು, ಪಿನ್ನು ಹೊಡೆಯುವುದು ಸಲ್ಲದು.

ಹಡಗು ಹತ್ತುವ ಯೋಗ ಎಲ್ಲ ಮನೆಗೂ ಬರಲಿಕ್ಕಿಲ್ಲ. ಆದರೆ ಕಾಲೇಜಿನ ಪ್ರವೇಶ, ಕೆಲಸದ ಸಂದರ್ಶನ, ಬ್ಯಾಂಕಿನ ಸಾಲ ಎಲ್ಲ ಮನೆಗೂ ಬರುತ್ತವೆ. ಅಲ್ಲಿಯೂ ಕೇಳುವುದು ಇವೇ ಕಾಗದಗಳನ್ನು, ಇದೇ ಹೆಸರನ್ನು. ಈ ಭಾನುವಾರ ಮನೆಯವರೆಲ್ಲ ಕೂತು ಬೀರುವಿನ ಕಾಗದಗಳನ್ನು ಹರವಿ, ಪ್ರತಿಯೊಬ್ಬರ ಹೆಸರೂ ಹುಟ್ಟಿದ ದಿನವೂ ಎಲ್ಲದರಲ್ಲೂ ಒಂದೇ ಆಗಿವೆಯೇ ಎಂದು ನೋಡಲು ಒಂದು ಗಂಟೆ ಸಾಕು.