ಹೋಗಿ ಬರುತ್ತೇನೆ, ಕಂದಾ

ಜೂನ್ ತಿಂಗಳು ಬಂತೆಂದರೆ ನರ್ಸರಿ ಶಾಲೆಗಳ ಗೇಟಿನ ಮುಂದೆ ಅಳುವಿನ ಮೇಳವೇ ನೆರೆಯುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಂದೆತಾಯಿಗಳಾಗಿದ್ದಾರೆ. ‘ಸಾರ್, ಮಗು ಶಾಲೆಯ ಬಾಗಿಲಲ್ಲಿ ನಮ್ಮನ್ನು ಬಿಡುವುದೇ ಇಲ್ಲ, ಏನು ಮಾಡೋಣ?’ ಎಂದು ಫೋನಿನಲ್ಲಿ ಕೇಳುತ್ತಾರೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ ಮೂರು ವರ್ಷದ ಮಕ್ಕಳ ವಿಷಯದಲ್ಲಿ ಅಧಿಕಾರದಿಂದ ಮಾತನಾಡುವ ಯೋಗ್ಯತೆಯಿಲ್ಲ. ಆದರೆ ಒಮ್ಮೆ ತಪ್ಪಿದವನ ಅನುಭವಕ್ಕೂ ಬೆಲೆಯುಂಟಷ್ಟೆ.

1991ರ ಜೂನ್. ನನ್ನ ಮಗಳಿಗೆ ಆಗ ಮೂರು ವರ್ಷ. ಅವಳನ್ನು ಶಿಶುವಿಹಾರಕ್ಕೆ ಸೇರಿಸಿದ ದಿನ ನನಗೆ ಮೊದಲ ಪೀರಿಯಡ್ಡಿಗೆ ಹೊತ್ತಾಗಿತ್ತು. ಗೋಡೆಯ ಮೇಲಿದ್ದ ಗಿಳಿಯ ಚಿತ್ರವನ್ನು ತೋರಿಸಿ, ಅವಳು ಅತ್ತ ತಿರುಗಿದೊಡನೆ ಮೆಲ್ಲನೆ ಜಾರಿಕೊಂಡೆ. ಉಪಾಯ ಫಲಿಸಿತೆಂದು ಹಿಗ್ಗಿದೆ. ಬಿ.ಎಡ್. ಓದುವಾಗ ಮನೋವಿಜ್ಞಾನದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಗಳಿಸಿದ್ದವನು ನಾನು! ಆ ಸಂಜೆಯಿಂದ ಮಗಳು ನನ್ನನ್ನು ಕಣ್ಮರೆಯಾಗಲು ಬಿಡಲಿಲ್ಲ. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕುಳಿತಿರುತ್ತಿದ್ದಳು. ರಾತ್ರಿ ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ರಿಸುತ್ತಿದ್ದಳು. ದೀಪಾವಳಿಯವರೆಗೂ ಹೀಗೆಯೇ ನಡೆಯಿತು. ಶಾಲೆಯ ಮೊದಲ ದಿನ ಅವಳು ಕಲಿತ ಪಾಠವೆಂದರೆ, ಅಪ್ಪ ಹೇಳದೆ ಮಾಯವಾಗಬಲ್ಲ ಎಂಬುದು.

ಅಗಲಿಕೆಯ ಭಯ ರೋಗವಲ್ಲ, ಹಠವೂ ಅಲ್ಲ. ಮೊದಲ ವರ್ಷದಲ್ಲೇ ಕಾಣಿಸಿಕೊಂಡು, ಬಹುಪಾಲು ಮಕ್ಕಳಲ್ಲಿ ಮೂರು ವರ್ಷ ಕಳೆಯುತ್ತ ಕ್ರಮೇಣ ತಗ್ಗುವ ಸಹಜ ಭಾವ ಅದು. ತನ್ನನ್ನು ಸಾಕುವವರನ್ನು ಅಂಟಿಕೊಂಡಿರುವುದು ಎಳೆಯ ಜೀವದ ರಕ್ಷಣೆಗಾಗಿ ಬಂದ ಹುಟ್ಟುಗುಣವೆಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1969ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹಿಂದೆ ತನ್ನವರಿದ್ದಾರೆಂಬ ಭರವಸೆಯಿರುವ ಮಗುವೇ ಧೈರ್ಯವಾಗಿ ಮುಂದೆ ಹೆಜ್ಜೆಯಿಡುತ್ತದೆ.

ಜರ್ಮನಿಯ ಅನೇಕ ಶಿಶುಕೇಂದ್ರಗಳಲ್ಲಿ ‘ಬರ್ಲಿನ್ ಮಾದರಿ’ ಎಂಬ ಪದ್ಧತಿಯುಂಟು. ಮೊದಲ ಮೂರು ದಿನ ತಾಯಿಯೋ ತಂದೆಯೋ ಸುಮಾರು ಒಂದು ಗಂಟೆ ಮಗುವಿನೊಡನೆ ಅಲ್ಲಿಯೇ ಕುಳಿತಿದ್ದು, ಜೊತೆಯಲ್ಲೇ ಮನೆಗೆ ಮರಳುತ್ತಾರೆ. ನಾಲ್ಕನೆಯ ದಿನ ಮಗುವಿಗೆ ಹೇಳಿ, ಅರ್ಧ ಗಂಟೆಗೆ ಮೀರದಂತೆ ಹೊರಗೆ ಹೋಗುತ್ತಾರೆ. ಶಿಕ್ಷಕಿ ಸಂತೈಸಿದಾಗ ಮಗು ಸಮಾಧಾನಗೊಂಡರೆ ಆ ಅವಧಿಯನ್ನು ಹೆಚ್ಚಿಸುತ್ತಾರೆ. ಇಲ್ಲವಾದರೆ ಇನ್ನಷ್ಟು ದಿನ ಕಾಯುತ್ತಾರೆ.

ನಮ್ಮಲ್ಲಿ ಹಲವೆಡೆ ಪಾಲಕರು ಮೊದಲ ದಿನವೇ ಗೇಟು ದಾಟುವಂತಿಲ್ಲ. ಇಪ್ಪತ್ತೈದು ಮಕ್ಕಳ ಕೋಣೆಯಲ್ಲಿ ಇಪ್ಪತ್ತೈದು ತಾಯಂದಿರೂ ಕುಳಿತರೆ ನಾವು ಕೆಲಸ ಮಾಡುವುದೆಂತು ಎಂದು ಶಿಕ್ಷಕಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಮೊದಲ ವಾರ ಐದೈದು ಮಕ್ಕಳನ್ನು ಬೇರೆ ಬೇರೆ ಹೊತ್ತಿನಲ್ಲಿ, ಮನೆಯವರೊಡನೆ ಬರಮಾಡಿಕೊಳ್ಳಬಾರದೇಕೆ? ಒಂದು ವಾರದ ಈ ತೊಂದರೆ ಮೂರು ತಿಂಗಳ ಅಳುವಿಗಿಂತ ಹಗುರವಲ್ಲವೇ?

2024ರಲ್ಲಿ ಬೆಂಗಳೂರಿನಲ್ಲಿ ನನ್ನ ಮೊಮ್ಮಗನ ಸರದಿ ಬಂತು. ಮಗಳಿಗೆ ಆಫೀಸಿನ ಅವಸರ. ‘ಅಪ್ಪಾ, ಅವನಿಗೆ ಆ ಜಾರುಬಂಡೆ ತೋರಿಸುತ್ತಿರಿ, ನಾನು ಮೆಲ್ಲಗೆ ಹೊರಟುಬಿಡುತ್ತೇನೆ’ ಎಂದಳು. ನನಗೆ ಗಿಳಿಯ ಚಿತ್ರ ನೆನಪಾಯಿತು. ‘ಬೇಡಮ್ಮಾ, ಹೇಳಿಯೇ ಹೋಗು’ ಎಂದೆ. ಅವಳು ಮಗುವಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ‘ನಿನ್ನ ತಿಂಡಿ ಡಬ್ಬಿ ಖಾಲಿಯಾಗಿ, ಆಟ ಮುಗಿದ ಮೇಲೆ ತಾತ ಬರುತ್ತಾರೆ. ನಾನು ಹೋಗಿ ಬರುತ್ತೇನೆ ಕಂದಾ’ ಎಂದಳು. ಹುಡುಗ ಗೋಳೋ ಎಂದು ಅತ್ತ. ಮಗಳ ಕಣ್ಣೂ ತುಂಬಿತು. ಆದರೆ ತಿರುಗಿ ಬರಲಿಲ್ಲ. ಗಂಟೆ ಬಾರಿಸುವ ಮೊದಲೇ ನಾನು ಗೇಟಿನ ಬಳಿ ನಿಂತಿದ್ದೆ. ನಿತ್ಯವೂ ಹಾಗೆಯೇ ನಿಂತೆ. ಹತ್ತು ದಿನ ಅತ್ತ, ಆಮೇಲೆ ಅಳು ತಾನಾಗಿ ನಿಂತಿತು.

ಆ ಸಂಜೆಗಳಲ್ಲೊಮ್ಮೆ ಮಗಳಿಗೆ ಗಿಳಿಯ ಚಿತ್ರದ ಕಥೆ ಹೇಳಿದೆ. ಅವಳಿಗೆ ಅದು ನೆನಪೇ ಇಲ್ಲ. ನನಗಿದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಶಾಲೆ ತೆರೆಯುವ ಮೊದಲೇ ಒಂದೆರಡು ಸಲ ಮಗುವಿಗೆ ಆ ಜಾಗವನ್ನು ತೋರಿಸಿ ತನ್ನಿ. ‘ಹಠ ಮಾಡಿದರೆ ಟೀಚರಿಗೆ ಹೇಳುತ್ತೇನೆ’ ಎಂದು ಶಿಕ್ಷಕಿಯನ್ನು ಗುಮ್ಮನನ್ನಾಗಿ ಮಾಡಬೇಡಿ. ಬೀಳ್ಕೊಡುಗೆ ಚಿಕ್ಕದಾಗಿರಲಿ, ಹೇಳಿದ ಮೇಲೆ ಮತ್ತೆ ಮತ್ತೆ ಇಣುಕಬೇಡಿ. ಹೇಳಿದ ಹೊತ್ತಿಗೆ ತಪ್ಪದೆ ಹಾಜರಿರಿ. ಹಲವು ವಾರ ಕಳೆದರೂ ಅಳು ತಗ್ಗದೆ, ಊಟ ನಿದ್ರೆಗಳೂ ಕೆಟ್ಟರೆ ಮಕ್ಕಳ ವೈದ್ಯರನ್ನು ಕಾಣಿರಿ.

ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ದೊಡ್ಡವರಿಗೆಲ್ಲ ತಪ್ಪದೆ ಹೇಳುವ ಆ ಮಾತನ್ನು ಮಗುವಿಗೂ ಹೇಳೋಣ. ಹೇಳಿದಂತೆ ಬರೋಣ.