ಚೌಕ ನಿಮ್ಮದಾಯಿತು, ಹೆಸರು ಯಾರದು?



ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ ನಿಂತು ನೋಡಿ. ಒಂದು ಕಡೆಯಿಂದ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ ಕ್ಯಾರಿಯರ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು, ಹಳೇ ಸೈಕಲ್ ತುಳಿಯುತ್ತ ಬರುತ್ತಾನೆ. ಇನ್ನೊಂದು ಕಡೆಯಿಂದ ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸ್ ಹಾಕಿಕೊಂಡು, ಹ್ಯಾಂಡಲ್ ಮೇಲೆ ಫೋನು ಕೂರಿಸಿಕೊಂಡು ನೀವು ಬರುತ್ತೀರಿ. ಇಬ್ಬರಿಗೂ ಅದೇ ರಸ್ತೆ, ಅದೇ ಗುಂಡಿ. ಅವನು ಮನೆಗೆ ಹೊರಟಿದ್ದಾನೆ. ನೀವು ಚೌಕ ಹಿಡಿಯಲು ಹೊರಟಿದ್ದೀರಿ!

ನನ್ನ ಅಕ್ಕನ ಮಗನೂ ಈ ಹುಚ್ಚಿಗೆ ಬಿದ್ದವನೇ. ಹೋದ ತಿಂಗಳು ಪ್ರೆಸ್ಸಿಗೆ ಬಂದು ಫೋನು ನನ್ನ ಮುಖಕ್ಕೆ ಹಿಡಿದ. "ಮಾವ, ನೋಡು, ಇನ್ನು ಎರಡೇ ಎರಡು ಚೌಕ ಸಿಕ್ಕರೆ ನನ್ನದು ಹತ್ತಕ್ಕೆ ಹತ್ತು ಆಗುತ್ತೆ" ಅಂದ. ಬೆಂಗಳೂರಿನ ನಕ್ಷೆಯ ಮೇಲೆ ಕೆಂಪು ಬಣ್ಣ ಬಳಿದ ಚೌಕಗಳು. ನಡುವೆ ಎರಡು ಬಿಳಿ ತೂತು.

ಗೊತ್ತಿಲ್ಲದವರಿಗೆ ಈ ಆಟದ ಬಗ್ಗೆ ಎರಡು ಮಾತು. ಭೂಮಿಯ ನಕ್ಷೆಯನ್ನು ಅಡ್ಡಕ್ಕೆ 16,384, ಉದ್ದಕ್ಕೆ 16,384 ಚೌಕಗಳಾಗಿ ಕತ್ತರಿಸಿದ್ದಾರೆ. ಫೋನಿನಲ್ಲಿ ನಕ್ಷೆ ಬೇಗ ಮೂಡಲಿ ಎಂದು ತುಂಡು ತುಂಡಾಗಿ ಇಟ್ಟುಕೊಳ್ಳುವ ಏರ್ಪಾಡು ಅದು. ಆಟಕ್ಕೆಂದು ಹುಟ್ಟಿದ್ದಲ್ಲ. ನಮ್ಮ ಬೆಂಗಳೂರಿನಲ್ಲಿ ಒಂದೊಂದು ಚೌಕದ ಬದಿ ಸುಮಾರು 2.4 ಕಿಲೋಮೀಟರ್. ನೀವು ಸೈಕಲ್ ತುಳಿದ ಜಾಡನ್ನು ಫೋನು ಬರೆದಿಟ್ಟು ಸ್ಟ್ರಾವಾ ಎಂಬ ಕಂಪನಿಗೆ ಕಳಿಸುತ್ತದೆ. ಅಲ್ಲಿಂದ ವೆಲೋವ್ಯೂವರ್, ಸ್ಕ್ವಾಡ್ರಾಟ್ಸ್ ಮುಂತಾದವು ಅದನ್ನು ತೆಗೆದುಕೊಂಡು ನೀವು ಹೊಕ್ಕ ಚೌಕಗಳಿಗೆ ಬಣ್ಣ ಬಳಿಯುತ್ತವೆ. ಚೌಕದ ಒಂದು ಮೂಲೆ ಸೋಕಿದರೂ ಸಾಕು, ಅದು ನಿಮ್ಮದು. ಹೀಗೆ ಗೆದ್ದ ಚೌಕಗಳು ಸಂದಿಲ್ಲದೆ ಕೂಡಿ ಒಂದು ದೊಡ್ಡ ಚೌಕವಾಗಬೇಕು. ಹತ್ತಕ್ಕೆ ಹತ್ತು ಎಂದರೆ ನೂರು ಚೌಕ. ನಡುವೆ ಒಂದು ತಪ್ಪಿದರೂ ಲೆಕ್ಕ ಕೆಟ್ಟಿತು. ಇದೂ ಸಾಲದು ಎನ್ನುವವರಿಗೆ ಒಂದು ಚೌಕದೊಳಗೆ 64 ಮರಿಚೌಕಗಳಿವೆ. ಅವುಗಳ ಬದಿ ಬರೀ 300 ಮೀಟರ್!

ನಾನು ಈ ಆಟವನ್ನು ಹಂಗಿಸುವವನಲ್ಲ. ಮಾಲ್‌ಗಳಲ್ಲಿ ಕಾಲ ಕಳೆಯಬಹುದಾಗಿದ್ದ ಹುಡುಗರನ್ನು ಅದು ನೆಲಗದರನಹಳ್ಳಿಯ ಗಲ್ಲಿಗೆ, ಅಂದ್ರಹಳ್ಳಿಯ ಸಂದಿಗೆ, ಹೆಸರಘಟ್ಟದ ಕೆರೆ ಏರಿಯ ಕಡೆಗೆ ಕರೆದೊಯ್ಯುತ್ತಿದೆ. ಒಳ್ಳೆಯದೇ. ನಾನು ಅಕ್ಕನ ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಬಿಳಿ ಚೌಕದಲ್ಲಿ ಯಾವ ಊರಿದೆಯೋ?"

"ಗೊತ್ತಿಲ್ಲ ಮಾವ. ನಂಬರ್ ಇದೆ, ಹೇಳಲಾ?"

ನಂಬರ್! ನಮ್ಮ ಪೀಣ್ಯದ ಮೇಲೆ ಬೀಳುವ ಒಂದು ಚೌಕಕ್ಕೂ ನಂಬರ್ ಇದೆ: ಅಡ್ಡ 11719, ಉದ್ದ 7594. ಜೈಲಿನ ಕೈದಿಗೆ ನಂಬರ್ ಕೊಟ್ಟ ಹಾಗೆ. ಆ ಚೌಕದೊಳಗೆ ಊರಿದೆ, ಕೆರೆ ಇತ್ತು, ಗ್ರಾಮದೇವತೆ ಇದ್ದಾಳೆ, ಜನ ಇದ್ದಾರೆ. ಅವನ ಲೆಕ್ಕದಲ್ಲಿ ಇರುವುದು ನಂಬರ್ ಒಂದೇ.

ಒಂದು 'ಳ' ಕಳೆದ ಕತೆ

ಇದೇನು ಮಹಾ ವಿಷಯ ಎನ್ನುತ್ತೀರಾ? ನನಗೆ ಬಿದ್ದ ಪೆಟ್ಟನ್ನು ಕೇಳಿ.

ಪಿಯುಸಿ ಮುಗಿಸಿ 1998ರಲ್ಲಿ ಪ್ರೆಸ್ ಕೆಲಸಕ್ಕೆ ಸೇರಿದವನು ನಾನು. ಆಗ ಸಣ್ಣ ಪ್ರೆಸ್ಸುಗಳಲ್ಲಿ ಇನ್ನೂ ಸೀಸದ ಮೊಳೆ ಜೋಡಿಸುತ್ತಿದ್ದೆವು. ಕಂಪೋಸ್ ಮಾಡುವಾಗ 'ಳ' ಮೊಳೆ ಖಾಲಿಯಾದರೆ ಪಕ್ಕದ ಪ್ರೆಸ್ಸಿಗೆ ಓಡಿ ಸಾಲ ತರುತ್ತಿದ್ದೆವು. ಅದರ ಜಾಗದಲ್ಲಿ 'ಲ' ಕೂರಿಸಿದರೆ ಮೇಸ್ತ್ರಿ ಕಿವಿ ಹಿಂಡುತ್ತಿದ್ದ.

ಕೆಲವು ವರ್ಷಗಳ ಹಿಂದೆ ತಿಗಳರಪಾಳ್ಯದ ಗಿರಾಕಿಯೊಬ್ಬರು ಗೃಹಪ್ರವೇಶದ 500 ಕಾರ್ಡ್‌ಗೆ ಆರ್ಡರ್ ಕೊಟ್ಟರು. ರಾತ್ರಿ ಅವಸರ. ವಿಳಾಸವನ್ನು ಫೋನಿನ ನಕ್ಷೆ ನೋಡಿ ಹಾಗೇ ಇಳಿಸಿಕೊಂಡೆ. ನಕ್ಷೆ ಕನ್ನಡದಲ್ಲೇ ಇತ್ತು ಸ್ವಾಮಿ! ಆದರೆ ಯಾವ ಕನ್ನಡ? ಕನ್ನಡದ ಹೆಸರನ್ನು ಯಾರೋ ಇಂಗ್ಲಿಷಿಗೆ ಇಳಿಸಿ, ಆ ಇಂಗ್ಲಿಷನ್ನು ಯಂತ್ರ ಮತ್ತೆ ಕನ್ನಡಕ್ಕೆ ಏರಿಸಿದ ಕನ್ನಡ. ಇಂಗ್ಲಿಷಿಗೆ 'ಳ' ಎಲ್ಲಿದೆ? 'ತಿಗಲರಪಾಲ್ಯ' ಎಂದು 500 ಕಾರ್ಡ್ ಅಚ್ಚಾಯಿತು. ಮನೆಯ ಯಜಮಾನರ ತಾಯಿ ಕಾರ್ಡ್ ಹಿಡಿದುಕೊಂಡು, "ಇದು ಯಾವ ಊರಪ್ಪಾ? ನಾವಿರೋದು ಇಲ್ಲಿ ಅಲ್ವಲ್ಲ" ಅಂದರು. ನನ್ನ ಕೈಯಿಂದಲೇ ದುಡ್ಡು ಹಾಕಿ ಎಲ್ಲವನ್ನೂ ಮತ್ತೆ ಅಚ್ಚು ಹಾಕಿದೆ.

ತಪ್ಪು ನನ್ನದೇ. ಕರಡು ತಿದ್ದುವವನು ನಾನು. ಆದರೆ ಒಂದು ಮಾತು ಯೋಚಿಸಿ. ಹೂವು, ತರಕಾರಿ ಬೆಳೆದು ಬೆಂಗಳೂರನ್ನು ಸಾಕಿದ, ಕರಗ ಹೊರುವ ತಿಗಳರ ಹೆಸರು ಅದು. 'ತಿಗಲರು' ಎಂಬ ಜನ ಲೋಕದಲ್ಲಿ ಎಲ್ಲೂ ಇಲ್ಲ. ಕಾರ್ಡನ್ನು ನಾನು ತಿದ್ದಿದೆ. ನಕ್ಷೆಯನ್ನು ತಿದ್ದುವವರು ಯಾರು?

ನಾಗಸಂದ್ರ, ಚೊಕ್ಕಸಂದ್ರ ಎಂಬ ಹೆಸರು ದಿನಾ ಹೇಳುತ್ತೀರಿ. 'ಸಂದ್ರ' ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಇಲ್ಲಿ ನೀರಿತ್ತು ಎಂದು ಊರಿನ ಹೆಸರೇ ಸಾಕ್ಷಿ ಹೇಳುತ್ತಿದೆ. ಅದನ್ನು '2ನೇ ಸ್ಟೇಜ್, 4ನೇ ಫೇಸ್' ಎಂದು ಬದಲಾಯಿಸಿದ ದಿನ ಆ ಸಾಕ್ಷಿ ಸತ್ತಿತು. ಕೆರೆ ನುಂಗುವವನಿಗೆ ಇದಕ್ಕಿಂತ ಇನ್ನೇನು ಬೇಕು?

ನೆಲ ಅಳೆದವನ ಬಾಯಲ್ಲಿ ಹೆಸರು

ಇದು ಹೊಸ ಕತೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿ ನೆಲ ಅಳೆದ. ಗೆದ್ದವರು ಮೊದಲು ಮಾಡಿಸಿದ ಕೆಲಸ ನಕ್ಷೆ! ಅಳೆದವರ ನಾಲಿಗೆಗೆ ಹೊಂದುವ ಹಾಗೆ ನಮ್ಮ ಊರುಗಳ ಹೆಸರು ನಕ್ಷೆಗೆ ಬಿದ್ದವು. ಬೆಂಗಳೂರು 'ಬ್ಯಾಂಗಲೋರ್' ಆಯಿತು, ಬೆಳಗಾವಿ 'ಬೆಲ್ಗಾಮ್' ಆಯಿತು. ಅದನ್ನು ತಿದ್ದಿ ಸರ್ಕಾರಿ ಕಾಗದಕ್ಕೆ ತರಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಅಂದು 12 ಊರುಗಳ ಹೆಸರು ಸರಿಹೋಯಿತು. ಬರೆಯಲು ಅರೆಗಳಿಗೆ, ಅಳಿಸಲು ಇನ್ನೂರು ವರ್ಷ!

ಅದೇ ಕಾಲದಿಂದ ಇನ್ನೊಂದು ಉದಾಹರಣೆಯೂ ಇದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಊರೂರಿನ ಕಲ್ಲುಗಳನ್ನು ಓದಿಸಿ, ಬರೆಸಿ, ಅಚ್ಚು ಹಾಕಿಸಿದ. ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಬಂದದ್ದು 1905ರಲ್ಲಿ. ರೈಸನೂ ಒಂದು ಬಗೆಯಲ್ಲಿ ನಿಮ್ಮಂತೆ ಊರು ಕೂಡಿಸುವ ಹುಚ್ಚನೇ. ಆದರೆ ಅವನು 'ಮುಟ್ಟಿದೆ' ಎಂದು ಬಣ್ಣ ಬಳಿದು ಮುಂದೆ ಹೋಗಲಿಲ್ಲ. ಅಲ್ಲಿ ಏನು ಬರೆದಿದೆ ಎಂದು ನೋಡಿದ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲಿದೆ. ಬೆಂಗಳೂರಿನ ಕಾಳಗದ ಮಾತು ಅದರಲ್ಲಿದೆ. ಸಾವಿರದ ನೂರು ವರ್ಷ ಆ ಹೆಸರು ಉಳಿದದ್ದು ಹೇಗೆ? ಯಾರೋ ಒಬ್ಬ ಕೂತು ಕೆತ್ತಿದ್ದರಿಂದ. ಆ ಬೇಗೂರೂ ನಿಮ್ಮ ಯಾವುದೋ ಚೌಕದೊಳಗಿದೆ. ಸೈಕಲ್ ನಿಲ್ಲಿಸಿ ಇಳಿದು ನೋಡಿದ್ದೀರಾ?

ನಿಮ್ಮ ಜಾಡು ಯಾರ ಕೈಯಲ್ಲಿದೆ?

ಲ್ಯಾಂಬ್ಟನ್ ನೆಲ ಅಳೆಯಲು ಕೂಲಿ ಕೊಡಬೇಕಿತ್ತು. ಇಂದು ನಾವು ಬಿಟ್ಟಿಯಾಗಿ ಅಳೆದು ಕೊಡುತ್ತಿದ್ದೇವೆ. ಕೆಲವರು ದುಡ್ಡೂ ಕಟ್ಟಿ ಅಳೆದು ಕೊಡುತ್ತಿದ್ದಾರೆ! ಸ್ಟ್ರಾವಾ 2009ರಲ್ಲಿ ಶುರುವಾದ ಅಮೆರಿಕದ ಕಂಪನಿ. ಎಲ್ಲರ ಜಾಡುಗಳನ್ನೂ ಕೂಡಿಸಿ 2017ರ ನವೆಂಬರ್‌ನಲ್ಲಿ ಅದು ಒಂದು ಬೆಳಕಿನ ನಕ್ಷೆ ಹೊರತಂದಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದನ್ನು ನೋಡಿ ಬೆಚ್ಚಿಬಿದ್ದ. ಸಿರಿಯಾ, ಅಫ್ಘಾನಿಸ್ತಾನಗಳ ಕತ್ತಲ ನೆಲದಲ್ಲಿ ಅಮೆರಿಕದ ಸೇನಾ ನೆಲೆಗಳು ಹೊಳೆಯುತ್ತಿದ್ದವು. ಸೈನಿಕರು ಬೆಳಗಿನ ಓಟದಲ್ಲಿ ತಾವೇ ಗೆರೆ ಎಳೆದಿದ್ದರು. 2024ರಲ್ಲಿ ಫ್ರಾನ್ಸಿನ 'ಲ ಮೋಂದ್' ಪತ್ರಿಕೆ ರಾಷ್ಟ್ರಾಧ್ಯಕ್ಷರ ಅಂಗರಕ್ಷಕರ ಓಟದ ಜಾಡು ಹಿಡಿದು, ಅಧ್ಯಕ್ಷರು ಎಲ್ಲಿ ತಂಗುತ್ತಾರೆ ಎಂಬುದನ್ನೇ ಪತ್ತೆ ಹಚ್ಚಿತು. ಅಂಗರಕ್ಷಕರ ಗತಿಯೇ ಹೀಗಾದರೆ, ಬೆಳಿಗ್ಗೆ ಒಬ್ಬಳೇ ಸೈಕಲ್ ತೆಗೆಯುವ ನಮ್ಮ ತಂಗಿಯ ಮನೆ ಯಾವುದು ಎಂದು ಹುಡುಕುವುದು ಎಷ್ಟರ ಕೆಲಸ?

ಇನ್ನೊಂದು ಸಂಗತಿ. 2024ರ ನವೆಂಬರ್‌ನಲ್ಲಿ ಸ್ಟ್ರಾವಾ ತನ್ನ ನಿಯಮ ಬದಲಿಸಿತು. ಅದರಿಂದ ಮಾಹಿತಿ ಪಡೆಯುವ ಹೊರಗಿನ ತಾಣಗಳು ನಿಮ್ಮ ಜಾಡನ್ನು ನಿಮಗಷ್ಟೇ ತೋರಿಸಬೇಕು, ಬೇರೆಯವರಿಗೆ ತೋರಿಸಬಾರದು ಎಂದಿತು. ಅದರಲ್ಲಿ ಒಳ್ಳೆಯದೂ ಇರಬಹುದು. ಆದರೆ ನಿಮ್ಮನ್ನು ಯಾರಾದರೂ ಕೇಳಿದರಾ? ಬೆವರು ನಿಮ್ಮದು, ಬೀಗದ ಕೈ ಅವರದು.

ಮೊದಲು ಹೇಳಿದ ಆ ಕಾರ್ಮಿಕನನ್ನು ಮರೆಯಬೇಡಿ. ಅವನಿಗೆ ಸ್ಟ್ರಾವಾ ಗೊತ್ತಿಲ್ಲ. ಪೀಣ್ಯದ ಪ್ರತಿ ಸಂದಿಯನ್ನೂ ಅವನ ಸೈಕಲ್ ವರ್ಷಗಟ್ಟಲೆ ಸುತ್ತಿದೆ, ಒಂದು ಚೌಕಕ್ಕೂ ಬಣ್ಣ ಬಿದ್ದಿಲ್ಲ. ಇಂಥ ಜಾಡುಗಳ ಲೆಕ್ಕವನ್ನು ಸ್ಟ್ರಾವಾ ನಗರ ಯೋಜನೆ ಮಾಡುವವರಿಗೂ ಕೊಡುತ್ತದೆ. ನಾಳೆ ಆ ಲೆಕ್ಕ ನೋಡಿ ಸೈಕಲ್ ದಾರಿ ಹಾಕುತ್ತೇವೆ ಎಂದರೆ ದಾರಿ ಎಲ್ಲಿ ಬೀಳುತ್ತದೆ? ಫೋನು ಕಟ್ಟಿಕೊಂಡವರು ಓಡಾಡುವ ಕಡೆ. ಎನ್‌ಟಿಟಿಎಫ್ ಸರ್ಕಲ್‌ನಲ್ಲಿ ಲಾರಿಗಳ ನಡುವೆ ಜೀವ ಹಿಡಿದು ಸಾಗುವವನು ಲೆಕ್ಕದಲ್ಲೇ ಇಲ್ಲ. ನಕ್ಷೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎನ್ನುವ ಕಾಲ ಇದು. ಅದು ಊರಿನ ಹೆಸರಾಗಲಿ, ಮನುಷ್ಯನಾಗಲಿ.

ಹಾಗಾದರೆ ಏನು ಮಾಡಬೇಕು?

ಸೈಕಲ್ ಮಾರಬೇಡಿ. ಇನ್ನೂ ಹೆಚ್ಚು ತುಳಿಯಿರಿ. ಆದರೆ ನಾಲ್ಕು ಕೆಲಸ ಮಾಡಿ.

ಒಂದು: ಮನೆ, ಹಾಸ್ಟೆಲ್, ಕೆಲಸದ ಜಾಗದ ಸುತ್ತ ನಿಮ್ಮ ಜಾಡು ಮರೆಯಾಗುವಂತೆ ಸ್ಟ್ರಾವಾದಲ್ಲಿ ಹೊಂದಿಸಿಕೊಳ್ಳಿ. ಆ ಸೌಲಭ್ಯ ಅದರಲ್ಲೇ ಇದೆ. ಜಾಲಹಳ್ಳಿಯ ವಾಯುಪಡೆಯಂಥ ಕಡೆ ಒಂದು ಚೌಕದ ಆಸೆಗೆ ಗೋಡೆ, ಬೇಲಿಯ ಹತ್ತಿರ ಹೋಗಬೇಡಿ.

ಎರಡು: ನಿಮ್ಮ ಸವಾರಿಗಳ ಕಡತವನ್ನು ಇಳಿಸಿಕೊಂಡು ನಿಮ್ಮ ಹತ್ತಿರವೂ ಒಂದು ಪ್ರತಿ ಇಟ್ಟುಕೊಳ್ಳಿ. ಕಂಪನಿ ಮುಚ್ಚಿದರೂ ನಿಮ್ಮ ಜಾಡು ನಿಮ್ಮದಾಗಿರಲಿ.

ಮೂರು: ಒಂದು ಚೌಕಕ್ಕೆ ಒಂದು ಹೆಸರು. ಹೊಸ ಚೌಕ ಹೊಕ್ಕ ಕೂಡಲೇ ಸೈಕಲ್ ನಿಲ್ಲಿಸಿ. ಅಶ್ವತ್ಥಕಟ್ಟೆಯ ಮೇಲೆ ಕೂತ ಅಜ್ಜನನ್ನೋ, ಚಹಾ ಅಂಗಡಿಯವರನ್ನೋ ಕೇಳಿ: "ಇದು ಯಾವ ಊರು? ಈ ಕೆರೆ ಹೆಸರೇನು? ಲೇಔಟ್ ಆಗೋ ಮುಂಚೆ ಇದನ್ನ ಏನಂತ ಕರೀತಿದ್ರಿ?" ಅವರ ಬಾಯಲ್ಲಿ ಬಂದ ಹಾಗೆ, ಅವರ 'ಳ', 'ಣ' ಬಿಡದೆ, ಕನ್ನಡದಲ್ಲೇ ಬರೆದುಕೊಳ್ಳಿ.

ನಾಲ್ಕು: ಆ ಹೆಸರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿ. ಇದು 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಜನರೇ ಬರೆಯುವ ನಕ್ಷೆ. ಯಾರು ಬೇಕಾದರೂ ತಿದ್ದಬಹುದು, ಮೂಲವನ್ನು ಹೇಳಿ ಯಾರು ಬೇಕಾದರೂ ಬಳಸಬಹುದು. ಇಂಗ್ಲಿಷ್ ಹೆಸರಿನ ಜೊತೆಗೆ ಕನ್ನಡದ ಹೆಸರಿಗೆಂದೇ ಅದರಲ್ಲಿ ಪ್ರತ್ಯೇಕ ಜಾಗವಿದೆ. ಆ ಜಾಗ ಖಾಲಿ ಬಿಟ್ಟರೆ ತಪ್ಪು ಅಮೆರಿಕದವರದಲ್ಲ, ನಮ್ಮದು.

ಅಂಗಡಿ ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಬೀದಿಗಿಳಿದು ಗಳಿಸಿದ್ದು ಅದು. ಆದರೆ ಇಂದು ಊರಿಗೆ ಹೊಸದಾಗಿ ಬರುವವನು ಬೋರ್ಡ್ ನೋಡುವ ಮುಂಚೆ ಫೋನು ನೋಡುತ್ತಾನೆ. ಆ ಬೋರ್ಡ್ ಬರೆಯಲು ಬಕೆಟ್ ಬಣ್ಣ ಬೇಡ, ಏಣಿ ಬೇಡ, ಪೊಲೀಸರ ಲಾಠಿಯ ಭಯವೂ ಇಲ್ಲ. ಬೇಕಾದದ್ದು ಒಂದು ಸೈಕಲ್, ಒಂದು ಫೋನು, ಹತ್ತು ನಿಮಿಷದ ಮಾತು.

ಅಕ್ಕನ ಮಗ ಹೋದ ಭಾನುವಾರ ಆ ಎರಡು ಚೌಕಗಳಿಗೆ ಹೋಗಿ ಬಂದ. ಹತ್ತಕ್ಕೆ ಹತ್ತು ಆಯಿತು ಎಂದು ಕುಣಿಯಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಹನ್ನೊಂದು ಹೆಸರು: ಎರಡು ಊರು, ಮೂರು ಕುಂಟೆ, ಒಂದು ತೋಪು, ಉಳಿದವು ದೇವಸ್ಥಾನ, ಕಟ್ಟೆ. "ಮಾವ, ಕಾಗುಣಿತ ಸರಿ ಇದೆಯಾ ನೋಡು" ಅಂದ. ಇಬ್ಬರೂ ಕೂತು ಕರಡು ತಿದ್ದಿದೆವು.

ನೀವೂ ತನ್ನಿ. ನಿಮ್ಮ ಚೌಕದ ಹೆಸರುಗಳನ್ನು ನಕ್ಷೆಗೆ ಸೇರಿಸಿ, ಪಟ್ಟಿಯನ್ನು ನನ್ನ ಹತ್ತಿರ ತನ್ನಿ. ಆ ಊರಿನ ಶಾಲೆಯ ಗೋಡೆಗೆ, ಚಹಾ ಅಂಗಡಿಗೆ ಅಂಟಿಸಲು ನೂರು ಹಾಳೆ ಅಚ್ಚು ಹಾಕಿಕೊಡುತ್ತೇನೆ. ಕಾಗದದ ದುಡ್ಡೂ ಬೇಡ. ಒಂದೇ ಷರತ್ತು: 'ಳ' ಬರುವ ಕಡೆ 'ಲ' ಇರಬಾರದು.